ಹೊಸ ಕೈಯ ಕೆಳಗೆ

ಗೋವಾದ ಸಡಾ ಗುಡ್ಡದ ಕನ್ನಡ ಶಾಲೆಯಲ್ಲಿ ನಾನು ಕಲಿಸಿದ ಮಕ್ಕಳಲ್ಲಿ ಶಾಹೀನಾಳಂಥ ಅಂಜುಬುರುಕಿ ಮತ್ತೊಬ್ಬಳಿರಲಿಲ್ಲ. ಹಲ್ಲಿ ಕಂಡರೆ ಅಂಜಿಕೆ, ತಪಾಸಣೆಗೆ ಬಂದ ಸಾಹೇಬರನ್ನು ಕಂಡರೆ ಅಂಜಿಕೆ, ಪರೀಕ್ಷೆಯ ದಿನ ಬೆಳಿಗ್ಗೆ ತಪ್ಪದೆ ವಾಂತಿ. ಕೆಳಗೆ ಬಂದರಿನಲ್ಲಿ ಹಡಗು ಕೂಗಿದರೆ ಕೈಯಲ್ಲಿದ್ದ ಪಾಟಿ ನೆಲಕ್ಕೆ ಬೀಳುತ್ತಿತ್ತು. ಬಂದರಿನ ನೆತ್ತಿಯ ಮೇಲಿರುವ ಗುಡ್ಡದಲ್ಲಿ ಹುಟ್ಟಿದವಳು ಹಡಗಿನ ಕೂಗಿಗೆ ಹೆದರಿದರೆ ಬಾಳುವುದು ಹೇಗೆ ಎಂದು ನಾನು ಗದರುತ್ತಿದ್ದೆ. ನನ್ನ ಗದರಿಕೆಗೂ ಅವಳು ಹೆದರುತ್ತಿದ್ದಳು. ಇಂಥ ಹುಡುಗಿ ಮುಂದೊಂದು ದಿನ ನನ್ನ ಎದುರಿಗೆ ಕೂತು, ತಾನು ಸರ್ಜನ್ ಆಗುತ್ತೇನೆ ಎಂದಾಗ ನನಗೆ ನಗು ತಡೆಯಲಾಗಲಿಲ್ಲ.

ಅವಳ ಅಪ್ಪ ಮಲಿಕಸಾಬ ಬದಾಮಿ ಕಡೆಯವನು. ಬಂದರಿನಲ್ಲಿ ವಿಂಚ್ ನಡೆಸುತ್ತಿದ್ದ. ಹಡಗಿನ ಹೊಟ್ಟೆಯಲ್ಲಿರುವ ಚೀಲಗಳನ್ನು ಹಗ್ಗದ ಬಲೆಯಲ್ಲಿ ಕಟ್ಟಿ ಕೊಟ್ಟರೆ, ಅದನ್ನು ಮೇಲೆತ್ತಿ ಧಕ್ಕೆಯ ಮೇಲೆ ಇಳಿಸುವ ಯಂತ್ರ ಅದು. ಅವನ ಟೋಳಿಯ, ಅಂದರೆ ಹಮಾಲರ ಗುಂಪಿನ, ಹಿರಿಯ ಅಮೀನಪ್ಪ, ಮುದ್ದೇಬಿಹಾಳದ ಕಡೆಯವನು. ಇಬ್ಬರದೂ ಒಂದೇ ಗೋಡೆಯ ಎರಡು ಮನೆ. ನಡುವಿನ ಗೋಡೆ ಎಷ್ಟು ತೆಳುವೆಂದರೆ ಈ ಮನೆಯಲ್ಲಿ ಒಗ್ಗರಣೆ ಹಾಕಿದರೆ ಆ ಮನೆಯಲ್ಲಿ ಸೀನು ಬರುತ್ತಿತ್ತು. ಅಮೀನಪ್ಪನಿಗೂ ಅವನ ಹೆಂಡತಿ ಸತ್ಯವ್ವನಿಗೂ ಮಕ್ಕಳಿರಲಿಲ್ಲ. ಶಾಹೀನಾ ಉಂಡದ್ದು ಯಾವ ಮನೆಯಲ್ಲಿ, ಮಲಗಿದ್ದು ಯಾವ ಮನೆಯಲ್ಲಿ ಎಂದು ಅವಳ ತಾಯಿ ಬಾನುವಿಗೇ ಎಷ್ಟೋ ಸಲ ಗೊತ್ತಿರುತ್ತಿರಲಿಲ್ಲ. ನನ್ನ ಮನೆ ಇವೆರಡರ ಮೇಲಿನ ಮೆಟ್ಟಿಲಲ್ಲಿ. ಆದ್ದರಿಂದ ಎರಡೂ ಮನೆಯ ಸುದ್ದಿ ನನಗೆ ಕೇಳದೆಯೇ ಸಿಗುತ್ತಿತ್ತು.

ಅಮೀನಪ್ಪನ ಟೋಳಿಯಲ್ಲಿ ಒಂದು ರೂಢಿ ಇತ್ತು. ಬೇರೆ ಟೋಳಿಗಳಲ್ಲಿ ಇತ್ತೋ ಇಲ್ಲವೋ ನಾನರಿಯೆ. ಬಂದರಿನ ಸಾಹೇಬರಿಗೆ ಗೊತ್ತಾಗಿದ್ದರೆ ಎಲ್ಲರ ಪಾಸನ್ನೂ ಕಿತ್ತುಕೊಳ್ಳುತ್ತಿದ್ದರು, ಅಷ್ಟು ಹುಚ್ಚು ರೂಢಿ. ಹೊಸಬನೊಬ್ಬ ಮೊದಲ ಸಲ ವಿಂಚಿನ ಹಿಡಿಕೆಗೆ ಕೈ ಹಾಕಿದಾಗ, ಟೋಳಿಯ ಹಿರಿಯ ಹಡಗಿನ ಹೊಟ್ಟೆಯೊಳಗೆ ಆ ಹೊರೆಯ ಪಕ್ಕಕ್ಕೇ ಹೋಗಿ ನಿಲ್ಲಬೇಕು. ಹೊರೆ ಅವನ ತಲೆಯ ಮೇಲಿಂದಲೇ ಹೋಗಬೇಕು. ಎತ್ತುವ ಮೊದಲು ಅವನು ಮೇಲೆ ನೋಡಿ ಕೇಳುತ್ತಾನೆ: "ಅಂಜಿಕಿ ಐತೇನು?" ಹೊಸಬ "ಐತಿ" ಅನ್ನಬೇಕು. "ಇಲ್ಲ" ಅಂದನೋ, ಹಿರಿಯ ಮರುಮಾತಾಡದೆ ಹೊರಗೆ ಬಂದುಬಿಡುತ್ತಾನೆ. ಅಂಜಿಕೆಯಿಲ್ಲದ ಕೈಯ ಕೆಳಗೆ ನಿಲ್ಲಬಾರದು ಎಂಬುದು ಅವರ ಲೆಕ್ಕ. "ಐತಿ" ಅಂದರೆ ಮಾತ್ರ ಹಿರಿಯ "ಎತ್ತೋ" ಅನ್ನುತ್ತಾನೆ. ಇನ್ನೊಂದು ಮಾತೂ ಉಂಟು. ಹೊಸಬನೇ "ಕೈ ಒಲ್ಲೆ ಅಂತೈತಿ" ಅಂದುಬಿಟ್ಟರೆ ಯಾರೂ ಅವನನ್ನು ಹಂಗಿಸುವಂತಿಲ್ಲ, ಒತ್ತಾಯ ಮಾಡುವಂತಿಲ್ಲ. ಎಲ್ಲರೂ ಸರಿದು ನಿಲ್ಲಬೇಕು, ಹಿರಿಯನೂ.

ಮಲಿಕಸಾಬ ಮೊದಲ ಸಲ ವಿಂಚ್ ಹಿಡಿದ ದಿನ ಹೊರೆಯ ಕೆಳಗೆ ನಿಂತವನು ಅಮೀನಪ್ಪನೇ. "ಅವತ್ತು ನನ್ನ ಕೈ ಎಷ್ಟು ನಡಗತಿತ್ತಂದ್ರ, ಅಲ್ಲಾನ ಹಿಡಕಿ ಹಿಡಿದಿರಬೇಕ್ರೀ ಅಕ್ಕೋರ" ಎಂದು ಮಲಿಕಸಾಬ ಹಬ್ಬ ಬಂದಾಗಲೆಲ್ಲ ಹೇಳುತ್ತಿದ್ದ. ನಾನು ಅವರಿಬ್ಬರಿಗೂ ಬೈಯುತ್ತಿದ್ದೆ. ಬುದ್ಧಿ ಇರುವವರು ಮಾಡುವ ಕೆಲಸವೇ ಇದು?

ಶಾಹೀನಾ ರಷ್ಯಾಕ್ಕೆ ಹೋದದ್ದು ಎರಡು ಸಾವಿರದ ಒಂದರಲ್ಲಿ. ಇಲ್ಲಿ ಅವಳಿಗೆ ಮೆಡಿಕಲ್ ಸೀಟು ಸಿಗಲಿಲ್ಲ. ಗೋವಾದವರ ಕಣ್ಣಿಗೆ ನಾವು ಘಟ್ಟದ ಮೇಲಿಂದ ಬಂದ ಘಾಟಿಗಳು, ಕರ್ನಾಟಕದವರ ಕಣ್ಣಿಗೆ ಗೋವಾದವರು; ಎರಡು ಮನೆಯ ನೆಂಟ ಉಪವಾಸ ಬಿದ್ದ ಎಂಬಂತಾಯಿತು. ಕೊನೆಗೆ ರಷ್ಯಾ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು. ಹೊರಟ ದಿನ ಅವಳು ಅತ್ತದ್ದನ್ನು ನೋಡಿ, ಇವಳು ಮುಂಬಯಿಯಿಂದಲೇ ವಾಪಸು ಬರುತ್ತಾಳೆ ಎಂದು ನಾನು ಬಾನುವಿಗೆ ಹೇಳಿದ್ದೆ. ಬರಲಿಲ್ಲ. ಆರು ವರ್ಷ ಆ ಹಿಮದಲ್ಲಿ ಓದಿ, ಆ ಭಾಷೆಯಲ್ಲೇ ಹೆಣ ಕೊಯ್ದು, ಡಾಕ್ಟರಾಗಿ ಬಂದಳು. ಬಂದವಳು ನನ್ನ ಮನೆಯ ಹೊಸ್ತಿಲಲ್ಲಿ ಕೂತು ಸರ್ಜನ್ ಮಾತು ತೆಗೆದದ್ದು.

ನಾನು ನಕ್ಕಾಗ ಅವಳು ಬೇಸರ ಮಾಡಿಕೊಳ್ಳಲಿಲ್ಲ. "ನಗಬ್ಯಾಡ್ರಿ ಅಕ್ಕೋರ. ಎಲ್ಲಾ ಕಡೆ ನನ್ನ ಅಂಜಿಕಿ ಖಾಲಿ ಹೋಗ್ತೈತಿ. ಆಪರೇಶನ್ ಕೋಣಿಯೊಳಗ ಒಂದ ಅದು ಕೆಲಸಕ್ಕ ಬರ್ತೈತಿ. ಅಂಜೂ ಮನುಷ್ಯಾ ಎರಡೆರಡು ಸಲ ನೋಡ್ತಾನ್ರಿ" ಎಂದಳು. ನನ್ನ ನಗು ನಿಂತಿತು.

ಆದರೆ ಸರ್ಜರಿಯ ಸೀಟು ಯಾರ ಅಂಜಿಕೆಗೂ ಮರುಗುವಂಥದ್ದಲ್ಲ. ಹೊರದೇಶದಲ್ಲಿ ಓದಿ ಬಂದವರು ಇಲ್ಲಿ ಡಾಕ್ಟರ್ ಅನ್ನಿಸಿಕೊಳ್ಳಲೇ ಮತ್ತೊಂದು ಪರೀಕ್ಷೆ ಬರೆಯಬೇಕು. ಮೊದಲ ಸಲ ಅವಳು ನಪಾಸಾದಳು. ಆ ದಿನ ಬಾನು ಒಲೆ ಹಚ್ಚಲಿಲ್ಲ. ಎರಡನೆಯ ಸಲ ಪಾಸಾಗಿ, ದೊಡ್ಡಾಸ್ಪತ್ರೆಯಲ್ಲಿ ಒಂದು ವರ್ಷ ದುಡಿದು, ಆಮೇಲೆ ಸರ್ಜರಿ ಕಲಿಯಲು ಬರೆಯುವ ಪರೀಕ್ಷೆಯನ್ನೂ ಪಾಸು ಮಾಡಿದಳು. ಆದರೂ ಸೀಟು ಕೊಡುವುದು ಆಯಾ ಆಸ್ಪತ್ರೆಯವರು, ಎದುರಿಗೆ ಕೂರಿಸಿ ಮಾತಾಡಿಸಿ. ಪುಣೆಯ ಕಡೆಯ ಒಂದು ಆಸ್ಪತ್ರೆಯಲ್ಲಿ ಮೂವರು ಹಿರಿಯ ಸರ್ಜನ್ನರು ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಸ್ವಂತ ಕೈಯಿಂದ ಏನು ಮಾಡಿದ್ದೀರಿ?" ಅವಳು ಹೊಲಿಗೆ, ಡ್ರೆಸ್ಸಿಂಗು, ಬಾವು ಕುಯ್ದದ್ದು ಎಂದೇನೋ ಹೇಳಿದಳು. ಒಬ್ಬರು ಪಕ್ಕದವರತ್ತ ತಿರುಗಿ, "ರಷ್ಯಾದವರಿಗೆ ಆಪರೇಶನ್ ನೋಡಿ ಗೊತ್ತು, ಮಾಡಿ ಗೊತ್ತಿಲ್ಲ" ಎಂದು ನಕ್ಕರಂತೆ. ಆ ನಗುವನ್ನು ಅವಳು ಹೊತ್ತುಕೊಂಡು ಸಡಾಕ್ಕೆ ಬಂದಳು.

ಆಮೇಲೆ ಅವಳು ಸೇರಿದ್ದು ವಾಸ್ಕೊ ಪೇಟೆಯ ಒಂದು ಖಾಸಗಿ ಆಸ್ಪತ್ರೆಗೆ. ಅಲ್ಲಿ ಸರ್ಜನ್ ಡಾಕ್ಟರ್ ಕುಟಿನ್ಹೊ. ಬಿಳಿ ಮೀಸೆ, ಕೊಂಕಣಿಯನ್ನೂ ಹಿಂದಿಯನ್ನೂ ಕಲಸಿ ಮಾತಾಡುವವರು; ಅವರ ಮಾತನ್ನು ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಒಂದು ವರ್ಷ ಶಾಹೀನಾ ಅವರ ಎದುರು ನಿಂತು ಗಾಯದ ಬಾಯಿ ಅಗಲಿಸಿ ಹಿಡಿದಳು, ರಕ್ತ ಒರೆಸಿದಳು, ದಾರ ಕತ್ತರಿಸಿದಳು. ರಜೆಯ ದಿನವೂ ಹೋದಳು. ಮನೆಯಲ್ಲಿ ಬಾಗಿಲ ಚಿಲಕಕ್ಕೆ ದಾರ ಕಟ್ಟಿ ಒಂದೇ ಕೈಯಲ್ಲಿ ಗಂಟು ಹಾಕುತ್ತ ಕೂತಿರುತ್ತಿದ್ದಳು. ಬಾಗಿಲು ತೆಗೆಯಲು ಬಾನು ದಿನಕ್ಕೆ ಹತ್ತು ಸಲ ಆ ದಾರ ಬಿಚ್ಚಿ ಬಿಚ್ಚಿ ಶಾಪ ಹಾಕುತ್ತಿದ್ದಳು.

ಎರಡು ಸಾವಿರದ ಹನ್ನೊಂದರ ಮಳೆಗಾಲ ಮುಗಿದ ಮೇಲೆ, ಪುಣೆಯ ಆಸ್ಪತ್ರೆಯಿಂದ ಮತ್ತೆ ಕರೆ ಬಂತು. ಕುಟಿನ್ಹೊ ಅವಳನ್ನು ಕರೆದು ಹೇಳಿದರು: "ಹೋಗುವ ಮೊದಲು ಒಂದು ಹರ್ನಿಯಾ ನೀನೇ ಮಾಡು, ಚರ್ಮ ಕೊಯ್ಯುವುದರಿಂದ ಚರ್ಮ ಹೊಲಿಯುವವರೆಗೆ. ನಾನು ಎದುರಿಗೆ ಕೈಕಟ್ಟಿ ನಿಂತಿರುತ್ತೇನೆ. ಮಾಡಿದರೆ ಪತ್ರದಲ್ಲಿ ಹಾಗೇ ಬರೆದು ಕೊಡುತ್ತೇನೆ. ಆದರೆ ಸಾದಾ ಹರ್ನಿಯಾ ಆಗಿರಬೇಕು. ಕರುಳು ಸಿಕ್ಕಿಕೊಂಡದ್ದಾದರೆ ನಿನಗೆ ಕೊಡುವುದಿಲ್ಲ."

ಈ ಸಂತೋಷವನ್ನು ಅವಳು ಎರಡೂ ಮನೆಯ ನಡುವಿನ ಕಟ್ಟೆಯ ಮೇಲೆ ಕೂತು ಹೇಳಿದಳು. ಅಪ್ಪ, ಅಮ್ಮ, ಸತ್ಯವ್ವ, ಅಮೀನಪ್ಪ, ನಾನು ಎಲ್ಲರೂ ಇದ್ದೆವು. ಹೇಳುವಾಗಲೂ ಅವಳ ಬೆರಳು ಓಢಣಿಯ ಅಂಚನ್ನು ಸುತ್ತುತ್ತಿದ್ದವು. ಅಮೀನಪ್ಪ ಕೇಳಿಸಿಕೊಂಡು, ಬಾಯಿಯ ಎಲೆ ಉಗುಳಿ ಬಂದು, ಹೆಂಗಸರೆದುರು ಹೇಳುವ ಮಾತಲ್ಲವಾದ್ದರಿಂದ ಸ್ವಲ್ಪ ಪಕ್ಕಕ್ಕೆ ತಿರುಗಿ ಹೇಳಿದ:

"ಹರ್ನಿಯಾ ನನಗೈತಲ್ಲವ್ವಾ. ಚೀಲಾ ಹೊತ್ತು ಹೊತ್ತು ತೊಡಿಸಂದ್ಯಾಗ ಗಡ್ಡಿ ಬಂದು ಎಷ್ಟೋ ವರ್ಷ ಆತು. ಲಂಗೋಟಿ ಬಿಗದ ಕಟ್ಟತೇನಿ, ಮಲಕೊಂಡ್ರ ಒಳಗ ಹೊಕ್ಕೈತಿ. ನನ್ನ ಮಾಡು."

"ಕಾಕಾ, ಬ್ಯಾಡ" ಎಂದಳು ಶಾಹೀನಾ. ಅವಳ ಮುಖದ ಬಣ್ಣ ಇಳಿದುಹೋಗಿತ್ತು. "ಬ್ಯಾರೆ ಯಾರರ ಸಿಗ್ತಾರ. ನಿನ್ನ ಮ್ಯಾಲೆ ನನ್ನ ಕೈ ಏಳೂದಿಲ್ಲ."

"ಹೊಸಾ ಕೈಗೆ ಹಳೇ ಮನುಷ್ಯಾ ನಿಂದ್ರಬೇಕು" ಎಂದ ಅಮೀನಪ್ಪ. "ನಿಮ್ಮಪ್ಪಗ ನಾ ನಿಂತಿಲ್ಲೇನು?"

ಮಲಿಕಸಾಬನ ಕಣ್ಣು ತುಂಬಿದ್ದವು. ನಾನು ಬೈದೆ: ಇದು ಚೀಲ ಅಲ್ಲ, ಕರುಳು. ಆದರೆ ಅಮೀನಪ್ಪ ಒಮ್ಮೆ ಬಾಯಿಬಿಟ್ಟು ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಂಡವನಲ್ಲ. ಹೇಗೂ ಅವನಿಗೆ ಆಪರೇಶನ್ ಬೇಕೇ ಇತ್ತು. ವರ್ಷಗಟ್ಟಲೆ ತಪ್ಪಿಸಿಕೊಂಡು ಓಡಾಡುತ್ತಿದ್ದ. ಮರುವಾರ ಕುಟಿನ್ಹೊ ಅವನನ್ನು ನೋಡಿ, ಸಾದಾ ಹರ್ನಿಯಾ, ಆಗಬಹುದು ಎಂದು ಬುಧವಾರ ಗೊತ್ತು ಮಾಡಿದರು.

ಶಾಹೀನಾ ಅವನನ್ನು ಎದುರಿಗೆ ಕೂರಿಸಿಕೊಂಡು ಚಿಕ್ಕ ಮಕ್ಕಳಿಗೆ ಹೇಳುವಂತೆ ಹೇಳಿದಳು. ನಾನು ಅಲ್ಲೇ ಇದ್ದೆ. "ನೋಡು ಕಾಕಾ, ಬುಧವಾರದ ತನಕ ಚೀಲಕ್ಕ ಕೈ ಹಚ್ಚಬ್ಯಾಡ. ಗಡ್ಡಿ ಹೊರಗ ಬಂದು ಒಳಗ ಹೋಗಲಿಲ್ಲಂದ್ರ, ನೋವಾದ್ರ, ವಾಂತಿ ಬಂದ್ರ, ಆಗಿಂದಾಗ ಹೇಳಬೇಕು. ಸಿಕ್ಕೊಂಡ್ರ ಭಾಳ ಕೆಟ್ಟದ್ದು. ಸಾಹೇಬ್ರ ತಾವ ಮಾಡ್ತಾರ, ನನ್ನ ಕೈಯಾಗ ಕೊಡೂದಿಲ್ಲ."

ಅವಳು ಹೇಳಿದ್ದು ಎಚ್ಚರಿಕೆ. ಅಮೀನಪ್ಪ ಅದರಲ್ಲಿ ಕೊನೆಯ ಮಾತನ್ನು ಮಾತ್ರ ಗಂಟು ಕಟ್ಟಿಕೊಂಡು ಹೋದ.

ಮಂಗಳವಾರ ಬೆಳಿಗ್ಗೆ ನಾನು ನೀರು ಬಿಡುವ ಹೊತ್ತಿಗೆ ಕೊಡ ಹಿಡಿದು ಇಳಿದೆ. ಸತ್ಯವ್ವ ಕಟ್ಟಡದ ಕೆಲಸಕ್ಕೆ ಹೊರಡಲು ಬುತ್ತಿ ಕಟ್ಟಿಕೊಂಡು ನಿಂತಿದ್ದಳು. "ಇವರು ನಿನ್ನಿಯಿಂದ ಒಂದ ತುತ್ತು ಮುಟ್ಟಿಲ್ರೀ ಅಕ್ಕೋರ. ಕೇಳಿದ್ರ, ಆಪರೇಶನ್‌ಗೆ ಉಪವಾಸ ಇರಬೇಕಂತ ಹುಡುಗಿ ಹೇಳ್ಯಾಳ ಅಂತಾರ" ಎಂದಳು.

ಉಪವಾಸ ಹಿಂದಿನ ರಾತ್ರಿಯಿಂದ ಸಾಕು ಎಂದು ಶಾಹೀನಾ ಹೇಳಿದ್ದು ನನಗೆ ನೆನಪಿತ್ತು. ಒಳಗೆ ಹೋದೆ. ಅಮೀನಪ್ಪ ಗೋಡೆಗೆ ಮುಖ ಮಾಡಿ, ಮೊಣಕಾಲು ಎದೆಗೆ ಒತ್ತಿಕೊಂಡು ಮಲಗಿದ್ದ. ಹೊಟ್ಟೆ ಉಬ್ಬಿ ತಮಟೆಯಾಗಿತ್ತು. ಹಿತ್ತಲಿನ ಬಚ್ಚಲಲ್ಲಿ ಹಸಿರು ವಾಂತಿ, ಅದರ ಮೇಲೆ ಬೂದಿ ಎರಚಿ ಮುಚ್ಚಿದ್ದ.

"ಯಾವಾಗಿಂದ?" ಎಂದೆ.

"ನಾಳೆ ಬುಧವಾರ ಅಲ್ಲೇನ್ರಿ?" ಎಂದ ಅವನು. ಹಲ್ಲು ಕಚ್ಚಿದ್ದರಿಂದ ಮಾತು ಅರ್ಧವೇ ಬಂತು. "ನಿನ್ನೆ ಬಂದ್ರದಾಗ ಸಿಕ್ಕೊಂತು. ಯಾರಿಗೂ ಹೇಳಬ್ಯಾಡ್ರಿ. ಹೇಳಿದ್ರ ಹುಡುಗಿಗೆ ಕೊಡೂದಿಲ್ಲ. ಒಂದಿನ ತಡಕೋತೇನಿ."

ಚೀಲಕ್ಕೆ ಕೈ ಹಚ್ಚಬೇಡ ಎಂದರೆ ಸೋಮವಾರ ಕೆಲಸಕ್ಕೂ ಹೋಗಿದ್ದ, ಸಿಕ್ಕಿಕೊಂಡರೆ ಹೇಳು ಎಂದರೆ ಮುಚ್ಚಿಟ್ಟಿದ್ದ. ಸಿಟ್ಟಿನಿಂದ ಅವನಿಗೆ ಹೊಡೆಯಬೇಕೆನಿಸಿತು. ಸತ್ಯವ್ವ ಬುತ್ತಿಯನ್ನು ಅಲ್ಲೇ ಬಿಟ್ಟು ಕೂಗಿಕೊಂಡು ರಸ್ತೆಗೆ ಓಡಿದಳು. ಕಲ್ಲಿದ್ದಲಿನ ಧೂಳು ಕೂತ ಒಂದು ಟೆಂಪೊ ಸಿಕ್ಕಿತು. ಗುಡ್ಡ ಇಳಿಯುವ ಪ್ರತಿ ತಿರುವಿನಲ್ಲೂ ಅವನು ನನ್ನ ತೊಡೆಯ ಮೇಲೆ ತಲೆಯಿಟ್ಟು ನರಳುತ್ತಿದ್ದ. ಇವನು ಇಲ್ಲೇ ಸಾಯುತ್ತಾನೆ, ಈ ಟೆಂಪೊದಲ್ಲೇ ಸಾಯುತ್ತಾನೆ ಎಂಬ ಒಂದೇ ಮಾತು ನನ್ನ ತಲೆಯಲ್ಲಿ ಸುತ್ತುತ್ತಿತ್ತು. ದೇವರ ಹೆಸರು ಕೂಡ ನೆನಪಾಗಲಿಲ್ಲ.

ಆಸ್ಪತ್ರೆಯಲ್ಲಿ ಶಾಹೀನಾ ಬಂದು ಹೊದಿಕೆ ಸರಿಸಿ ನೋಡಿದಳು. ಗಡ್ಡೆ ಕೆಂಪಗೆ ಬಿಗಿದುಕೊಂಡಿತ್ತು. ಅವಳು ಅದನ್ನು ಮುಟ್ಟಲಿಲ್ಲ. ಪರೀಕ್ಷೆಯ ಬೆಳಿಗ್ಗೆ ವಾಂತಿ ಮಾಡುವ ಮೊದಲು ಅವಳ ಮುಖ ಹೇಗಾಗುತ್ತಿತ್ತೋ ಹಾಗೇ ಆಯಿತು. ನರ್ಸಿಗೆ ಸಲೈನ್ ಹಚ್ಚಲು ಹೇಳಿ, ತಾನೇ ಮೂಗಿನಲ್ಲಿ ನಳಿಕೆ ಇಳಿಸಿದಳು. ಅಷ್ಟರಲ್ಲಿ ಕುಟಿನ್ಹೊ ಬಂದರು. ಒಂದು ಸಲ ನೋಡಿ, "ನಿನ್ನೆಯಿಂದ ಹೀಗಿದೆ. ಯಾರು ಇಷ್ಟು ಹೊತ್ತು ಬಿಟ್ಟವರು?" ಎಂದು ಗುಡುಗಿದರು. ಈಗಲೇ ಕೊಯ್ಯಬೇಕು, ಕರುಳು ಸತ್ತಿದ್ದರೆ ತುಂಡು ತೆಗೆಯಬೇಕು, ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳಿ ಎಂದರು.

ಅಮೀನಪ್ಪ ಕೈ ಮುಷ್ಟಿ ಮಾಡಿ ಎದೆಯ ಮೇಲಿಟ್ಟುಕೊಂಡ.

"ಸಾಹೇಬ್ರ, ಅಕಿ ಮಾಡಿದ್ರ ಒತ್ತತೇನಿ. ಇಲ್ಲಂದ್ರ ಇಲ್ಲ."

ಬಂದರಿನಿಂದ ಮಲಿಕಸಾಬ ಓಡಿ ಬಂದಿದ್ದ, ತಲೆಯ ಮೇಲೆ ಇನ್ನೂ ಹೆಲ್ಮೆಟ್ ಇತ್ತು. "ಅಮೀನಪ್ಪಣ್ಣ, ಕೈ ಮುಗೀತೇನಿ, ಒತ್ತು" ಎಂದು ಅಳತೊಡಗಿದ. ಸತ್ಯವ್ವ ಗಂಡನ ಮುಷ್ಟಿ ಬಿಡಿಸಲು ನೋಡಿದಳು. ಆ ನೋವಿನಲ್ಲೂ ಚೀಲ ಹೊತ್ತ ಕೈ ಬಿಡಲಿಲ್ಲ. ಕುಟಿನ್ಹೊ ಶಾಹೀನಾಳನ್ನು ಪಕ್ಕಕ್ಕೆ ಎಳೆದು, ನಮಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು: "ನೀನೇ ಮಾಡುತ್ತೀ ಅಂತ ಅವನಿಗೆ ಹೇಳು. ಅರಿವಳಿಕೆ ಕೊಟ್ಟ ಮೇಲೆ ನಾನು ನೋಡಿಕೊಳ್ಳುತ್ತೇನೆ. ಅವನಿಗೆ ಗೊತ್ತಾಗುವುದಿಲ್ಲ. ಬೇಗ."

ಖರೆ ಹೇಳಬೇಕೆಂದರೆ ನಾನೂ ಅದನ್ನೇ ಬಯಸಿದೆ. ಜೀವ ಉಳಿಯುವಲ್ಲಿ ಒಂದು ಸುಳ್ಳು ಎಷ್ಟರದು? ಆದರೆ ಶಾಹೀನಾ ಮಂಚದ ಹತ್ತಿರ ಬಂದು ನಿಂತು, ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದಳು.

"ಕಾಕಾ" ಎಂದಳು. "ಕೈ ಒಲ್ಲೆ ಅಂತೈತಿ."

ಆ ಕೋಣೆಯಲ್ಲಿ ಕನ್ನಡ ಬಲ್ಲವರೆಲ್ಲ ಮಂಚದಿಂದ ಒಂದು ಹೆಜ್ಜೆ ಸರಿದೆವು. ಕುಟಿನ್ಹೊ ಏನೆಂದಳು ಎಂದು ಕೇಳಿದರು. ಅವಳು ಅವರತ್ತ ತಿರುಗಿ ಹಿಂದಿಯಲ್ಲಿ, ಇಬ್ಬರು ನರ್ಸುಗಳೂ ಒಬ್ಬ ಎಳೆಯ ಡಾಕ್ಟರೂ ಕೇಳುತ್ತಿರುವಾಗ, ಇನ್ನು ಕೆಲವು ವಾರದಲ್ಲಿ ತನಗೆ ಪತ್ರ ಬರೆದುಕೊಡಬೇಕಾದ ಆ ಮನುಷ್ಯನಿಗೆ ಹೇಳಿದಳು: "ನನಗೆ ಹೆದರಿಕೆಯಾಗಿದೆ ಸರ್. ಇದು ನನ್ನಿಂದ ಆಗುವುದಿಲ್ಲ, ನಾನು ಮಾಡಿದರೆ ಇವರು ಸಾಯುತ್ತಾರೆ. ಅದನ್ನೇ ಹೇಳಿದೆ."

ಅಮೀನಪ್ಪ ಅವಳನ್ನೇ ನೋಡುತ್ತಿದ್ದ. ಸುಳ್ಳು ಹೇಳಿದ್ದರೆ ಅವನಿಗೆ ತಿಳಿಯುತ್ತಿತ್ತೋ ಏನೋ. ಜೀವಮಾನವೆಲ್ಲ ಹೊಸ ಕೈಗಳ ಕೆಳಗೆ ನಿಂತವನು. ಆಮೇಲೆ ಮುಷ್ಟಿ ಸಡಿಲಿಸಿ ಹೆಬ್ಬೆರಳು ಮುಂದೆ ಚಾಚಿದ.

"ಒಲ್ಲೆ ಅಂದ್ ಮ್ಯಾಲೆ ಆತು" ಎಂದ. "ಸರಿದು ನಿಂದ್ರತೇನಿ."

ಕೊಯ್ದವರು ಕುಟಿನ್ಹೊ. ಎದುರಿಗೆ ನಿಂತು ಹಿಡಿದವಳು ಶಾಹೀನಾ. ಕರುಳಿನ ಒಂದು ತುಂಡು ಕಪ್ಪಾಗಿತ್ತು, ಅದನ್ನು ತೆಗೆದು ಎರಡು ತುದಿ ಕೂಡಿಸಿದರು. ಅವಳು ಹೊರಗೆ ಬಂದಾಗ ಸತ್ಯವ್ವ ಎದ್ದು ನಿಂತಳು. ಆ ಹೆಂಗಸು ಶಾಹೀನಾಳಿಗೆ ಜೋಳದ ನುಚ್ಚು ತಿನ್ನಿಸಿ ಬೆಳೆಸಿದವಳು.

"ನಿನ್ನ ಸೀಟಿಗೆ ನನ್ನ ಗಂಡನ ಕಳ್ಳು ಬೇಕಾತೇನು?" ಎಂದಳು. ಕಳ್ಳು ಎಂದರೆ ಅವರ ಕಡೆ ಕರುಳು.

ಶಾಹೀನಾ ಅಲ್ಲೇ ನೆಲದ ಮೇಲೆ ಕೂತಳು. ಅಷ್ಟರಲ್ಲಿ ಬಂದಿದ್ದ ಬಾನು ತಬ್ಬಿಕೊಳ್ಳಲು ಹೋದರೆ ಮಗಳು ತಳ್ಳಿದಳು. ನನಗೆ ಸತ್ಯವ್ವನ ಮೇಲೆ ಸಿಟ್ಟು ಬಂತು, ಮರುಕ್ಷಣ ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಅನ್ನುತ್ತಿದ್ದೆ ಅನಿಸಿತು. ಹೆದರಿದವರ ಮೇಲೆ ಹಾವು ಎಸೆದ ಹಾಗೆ ಆಗಿತ್ತು ಆ ಹುಡುಗಿಯ ಗತಿ.

ಕೂಡಿಸಿದ ಕರುಳು ಬಿಚ್ಚಿಕೊಂಡರೆ ಮನುಷ್ಯ ಉಳಿಯುವುದು ಕಷ್ಟ. ಅದು ಕೂಡಿಕೊಂಡಿತೋ ಇಲ್ಲವೋ ತಿಳಿಯುವ ಬಗೆ ಒಂದೇ, ರೋಗಿಗೆ ಗಾಳಿ ಸರಿಯಬೇಕು. ಅಮೀನಪ್ಪನಿಗೆ ಜ್ವರ ಬಂತು, ಹೊಟ್ಟೆ ಇಳಿಯಲಿಲ್ಲ. ಶಾಹೀನಾ ಅವನ ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಆಲಿಸುವುದು, ಏನೂ ಕೇಳದೆ ಎದ್ದು ಹೋಗುವುದು, ಮತ್ತೆ ಬಂದು ಆಲಿಸುವುದು. ಅವಳು ಉಂಡದ್ದನ್ನು ನಾನು ನೋಡಲಿಲ್ಲ. ಟೋಳಿಯವರು ಕೆಲಸ ಬಿಟ್ಟು ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಸಾಲಾಗಿ ಕೂರುತ್ತಿದ್ದರು. ಒಳಗಿಂದ ಯಾರು ಬಂದರೂ ಅವರದು ಒಂದೇ ಪ್ರಶ್ನೆ: "ಆತೇನ್ರಿ?"

ಹೌದು, ಇಡೀ ಸಡಾ ಒಬ್ಬ ಮನುಷ್ಯನ ಹೂಸಿಗಾಗಿ ಹರಕೆ ಹೊತ್ತಿತ್ತು. ಈಗ ನಗು ಬರುತ್ತದೆ. ಆಗ ಯಾರಿಗೂ ನಗು ಬರಲಿಲ್ಲ.

ಕೊನೆಗೊಂದು ಮಧ್ಯಾಹ್ನ ಸತ್ಯವ್ವ ಬಾಗಿಲಿಂದ ತಲೆ ಹೊರಹಾಕಿ, ಸೆರಗು ಬಾಯಿಗಿಟ್ಟುಕೊಂಡು, "ಆತ್ರೀ, ಆತು! ಕೋಣಿ ತುಂಬಾ ಆತು!" ಎಂದು ಕೂಗಿದಳು. ಮೆಟ್ಟಿಲ ಮೇಲಿದ್ದ ಗಂಡಸರು ಎದ್ದು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಶಾಹೀನಾ ಔಷಧಿಯ ಕಪಾಟಿಗೆ ಹಣೆಯೊತ್ತಿ ನಿಂತಿದ್ದಳು. ಸತ್ಯವ್ವ ಹೋಗಿ ಅವಳ ಬೆನ್ನ ಮೇಲೆ ಕೈಯಿಟ್ಟಳು. ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಅವಳ ಬಾಯಿಗೆ ತುರುಕಿದಳು.

ಪುಣೆಗೆ ಶಾಹೀನಾ ಹೋದಳು. ಕುಟಿನ್ಹೊ ಪತ್ರ ಕೊಟ್ಟಿದ್ದರು, ಒಂದು ವರ್ಷ ಚೆನ್ನಾಗಿ ದುಡಿದಿದ್ದಾಳೆ ಎಂದು. ಹರ್ನಿಯಾದ ಮಾತು ಇರಲಿಲ್ಲ, ಇರುವುದಾದರೂ ಹೇಗೆ? ಅಲ್ಲಿಯ ಸರ್ಜನ್ನರು ಮತ್ತೆ ಅದೇ ಪ್ರಶ್ನೆ ಕೇಳಿದರು. ಅವಳು ಈ ಸಲ, ಇನ್ನೂ ಏನೂ ಮಾಡಿಲ್ಲ ಎಂದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸೀಟು ಬೇರೆಯವರಿಗೆ ಹೋಯಿತು.

ಬಂದ ದಿನ ಅವಳು ನನ್ನ ಮನೆಗೆ ಬಂದು, ಇನ್ನು ಸಾಕು, ಎಲ್ಲಾದರೂ ಜ್ವರ ಕೆಮ್ಮು ನೋಡುವ ದವಾಖಾನೆ ಹಾಕಿಕೊಳ್ಳುತ್ತೇನೆ ಎಂದಳು. ನನಗೂ ಅದೇ ಸರಿಯೆನಿಸಿತು. ಆ ಮಂಗಳವಾರದ ಮುಖವನ್ನು ಇನ್ನೊಮ್ಮೆ ನೋಡುವ ಧೈರ್ಯ ನನಗಿರಲಿಲ್ಲ. ಆದರೆ ಮರುದಿನ ಅವಳು ಕೆಲಸ ಬಿಡುತ್ತೇನೆಂದು ಹೇಳಲು ಹೋದಾಗ, ಕುಟಿನ್ಹೊ ತಲೆ ಎತ್ತದೆ, "ಭಿಯೆನಾಕಾ, ಹೆದರಬೇಡ ಅಂತ ನಿನಗೆ ಹೇಳುವುದಿಲ್ಲ, ಹೆದರು. ಆದರೆ ಕೈ ತೊಳೆದುಕೊಂಡು ಬಾ, ಒಂದು ಅಪೆಂಡಿಕ್ಸ್ ಇದೆ, ನೀನೇ ಕೊಯ್ಯುತ್ತೀ" ಎಂದರಂತೆ. ಒಲ್ಲೆ ಎನ್ನಲು ಬರುವವರ ಕೈಗೆ ಚಾಕು ಕೊಡಲು ತನಗೆ ಅಂಜಿಕೆಯಿಲ್ಲ ಎಂದೂ ಹೇಳಿದರಂತೆ. ಅವಳ ಅಂಜಿಕೆ ಅಲ್ಲಿಗೆ ನಿಂತಿತು ಎಂದು ತಿಳಿಯಬೇಡಿ. ಪ್ರತಿ ಆಪರೇಶನ್ನಿನ ಬೆಳಿಗ್ಗೆ ಬಚ್ಚಲಲ್ಲಿ ಅವಳು ವಾಂತಿ ಮಾಡುವ ಸದ್ದು ನನ್ನ ಮನೆಗೆ ಕೇಳುತ್ತಿತ್ತು. ಬಾಯಿ ತೊಳೆದುಕೊಂಡು ಬಸ್ಸು ಹತ್ತುತ್ತಿದ್ದಳು.

ಸೀಟು ಸಿಕ್ಕಿತು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಎರಡು ಸಾವಿರದ ಹನ್ನೆರಡರಲ್ಲಿ, ಅದೇ ಆಸ್ಪತ್ರೆಯಲ್ಲಿ, ಅದೇ ಪ್ರಶ್ನೆಗೆ ಉತ್ತರ ಕೊಟ್ಟು. ಆದರೆ ಆ ಉತ್ತರದಲ್ಲಿ ಅವಳು ಮೊದಲು ಹೇಳಿದ ಆಪರೇಶನ್ ಯಾವುದೋ, ಅದು ನಡೆದದ್ದು ಸಂದರ್ಶನಕ್ಕೆ ಸ್ವಲ್ಪ ಮುಂಚೆ.

ಅಮೀನಪ್ಪನಿಗೆ ಇನ್ನೊಂದು ಬದಿಯಲ್ಲೂ ಗಡ್ಡೆ ಎದ್ದಿತ್ತು. ಭಾರ ಹೊರುವುದನ್ನು ಬಿಟ್ಟು ಟೋಳಿಗೆ ನೀರು, ಚಹಾ ಕೊಡುತ್ತಿದ್ದ ಅಷ್ಟೆ, ಆದರೂ ಎದ್ದಿತು. ಈ ಸಲ ಅದು ಅಡಕೆಯಷ್ಟು ಇರುವಾಗಲೇ ಅವನು ಶಾಹೀನಾಳ ಬಾಗಿಲಿಗೆ ಬಂದು ನಿಂತ. "ಮುಚ್ಚಿಡಲಿಲ್ಲ ನೋಡವ್ವಾ" ಎಂದ. ಸತ್ಯವ್ವ ಅವನ ಹಿಂದೆಯೇ ನಿಂತಿದ್ದಳು, ಮುಚ್ಚಿಟ್ಟಿದ್ದರೆ ತಾನೇ ಕೊಯ್ಯುತ್ತೇನೆ ಎಂಬ ಮುಖ ಮಾಡಿಕೊಂಡು.

ಆ ಬೆಳಿಗ್ಗೆ ನಾವು ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಸತ್ಯವ್ವನ ಕೈ ನನ್ನ ಕೈಯಲ್ಲಿತ್ತು. ಮಲಿಕಸಾಬ ಗೋಡೆಗೆ ಮುಖ ಮಾಡಿ ದುವಾ ಓದುತ್ತಿದ್ದ. ಒಳಗೆ ನಡೆದದ್ದನ್ನು ಆಮೇಲೆ ಅಮೀನಪ್ಪನೇ ಹೇಳಿದ. ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದರು, ಎಚ್ಚರವಾಗಿಯೇ ಇದ್ದ. ಎದೆಯ ಮೇಲೆ ಹಸಿರು ಬಟ್ಟೆಯ ಅಡ್ಡಗೋಡೆ. ಆ ಕಡೆ ಶಾಹೀನಾಳ ಕಣ್ಣು ಮಾತ್ರ ಕಾಣುತ್ತಿದ್ದವು. ಕುಟಿನ್ಹೊ ಕೈಕಟ್ಟಿ ಎದುರಿಗೆ ನಿಂತಿದ್ದರು. ನರ್ಸು ಚಾಕು ಅವಳ ಕೈಗಿಟ್ಟಳು. ಆದರೆ ಏನೂ ಆಗಲಿಲ್ಲ. ಎಲ್ಲರೂ ಕಾಯುತ್ತಿದ್ದರು.

ಅಮೀನಪ್ಪ ಬಟ್ಟೆಯ ಈ ಕಡೆಯಿಂದ ಕೇಳಿದ:

"ಅಂಜಿಕಿ ಐತೇನು?"

"ಐತಿ ಕಾಕಾ."

"ಎತ್ತವ್ವಾ."